ಒಂದನೇ ತರಗತಿಗೆ ನನ್ನ ದನಿ ಮರಳಿ ಬಂದ ಬಗೆ

ಕ್ರಿಸ್ತರಲ್ಲಿ ಪ್ರಿಯ ಸಹೋದರ ಸಹೋದರಿಯರೇ, ಹೋದ ವರ್ಷ ಬೇಸಿಗೆ ರಜೆಯಲ್ಲಿ ನನ್ನ ದನಿ ಹೋಯಿತು. ನಾನು ರೋಸಮ್ಮ, ಗಜೇಂದ್ರಗಡದ ನಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಒಂದನೇ ತರಗತಿಯ ಶಿಕ್ಷಕಿ. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆದು ಅನ್ನ ನುಂಗುವುದೂ ಕಷ್ಟವಾಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. "ಗಂಟು ದನಿಯ ನರಕ್ಕ ಹತ್ತಿಕೊಂಡದ, ದನಿಗೆ ತೊಂದರಿ ಆಗಬಹುದ್ರಿ" ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಂಟು ಕೆಟ್ಟದ್ದಲ್ಲ ಎಂದು ತಿಳಿದಾಗ ಮನೆಯವರೆಲ್ಲ ದೇವರಿಗೆ ಸ್ತೋತ್ರ ಹೇಳಿದರು. ನಾನೂ ಹೇಳಲು ಬಾಯಿ ತೆರೆದೆ. ಬರೀ ಗಾಳಿ ಬಂತು.

ಮತ್ತೆ ತಪಾಸಣೆಗೆ ಹೋದಾಗ, ದನಿ ಬಂದರೂ ಬರಬಹುದು, ಬಾರದೆಯೂ ಇರಬಹುದು, ವಾರವಾರ ಬಂದು ದನಿಯ ವ್ಯಾಯಾಮ ಮಾಡಬೇಕು ಎಂದರು. ಹಾಸಿಗೆ ಹಿಡಿದ ಅತ್ತೆಯವರನ್ನು ಬಿಟ್ಟು ವಾರವಾರ ಹುಬ್ಬಳ್ಳಿಗೆ ಹೇಗೆ ಹೋಗಲಿ? ಅಂದು ಒಬ್ಬಳೇ ಹೋಗಿದ್ದೆ. ವಾಪಸ್ ಬರುವಾಗ ಗದಗಿನಲ್ಲಿ ಬಸ್ ಬದಲಿಸಿ ಕುಳಿತೆ. "ಎಲ್ಲಿಗ್ರೀ ಅಕ್ಕಾರ?" ಎಂದು ಕಂಡಕ್ಟರ್ ಕೇಳಿದ. ನನ್ನ ಪಿಸುಮಾತು ಎಂಜಿನ್ ಸದ್ದಿನಲ್ಲಿ ಮುಳುಗಿತು. "ಸ್ವಲ್ಪ ಜೋರ್ ಹೇಳ್ರಿ" ಎಂದ. ಎಷ್ಟು ಹೇಳಿದರೂ ಕೇಳಿಸಲಿಲ್ಲ. ಪಕ್ಕದ ಅಜ್ಜಿ, "ಪಾಪ, ಮೂಕಿ ಅದಾಳ ಕಾಣಸ್ತೈತಿ, ಬಿಡಪಾ" ಎಂದಳು. ನರೇಗಲ್ ದಾಟಿದರೂ ನನ್ನ ಅಳು ನಿಲ್ಲಲಿಲ್ಲ. ಸೆರಗಿನೊಳಗೆ ಜಪಮಾಲೆ ಹಿಡಿದುಕೊಂಡು, "ತಾಯಿ ಮರಿಯಾ, ಮಕ್ಕಳಿಗೆ ಅ ಆ ಹೇಳಿಕೊಡುವಷ್ಟಾದರೂ ದನಿ ಕೊಡು" ಎಂದು ಮನಸ್ಸಿನಲ್ಲೇ ಬೇಡಿದೆ.

ನಮ್ಮ ಶಾಲೆಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಹುಟ್ಟಿದ್ದು ಚರ್ಚಿನ ಪಡಸಾಲೆಯಲ್ಲಿ. ಆಗಿನ ಫಾದರ್ ಮತ್ತು ಇಬ್ಬರು ಸಿಸ್ಟರ್ ನೇಕಾರರ ಓಣಿಗೆ ನಡೆದು ಹೋಗಿ, ಮಗ್ಗದ ಪಕ್ಕ ಕುಳಿತು ನೂಲು ಸುತ್ತುತ್ತಿದ್ದ ಹೆಣ್ಣುಮಕ್ಕಳನ್ನು ಕೈಹಿಡಿದು ಕರೆತಂದರು. ಆ ಮಕ್ಕಳಲ್ಲಿ ನನ್ನ ಅವ್ವನೂ ಒಬ್ಬಳು. ಜಾತಿ ಧರ್ಮ ಕೇಳಬಾರದು, ಬಂದ ಮಗುವನ್ನು ಹಿಂದಕ್ಕೆ ಕಳಿಸಬಾರದು ಎಂಬುದು ಅಂದಿನಿಂದ ನಡೆದುಬಂದ ನೇಮ. ಇಂದಿಗೂ ನಮ್ಮಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಹಿಂದೂ, ಮುಸ್ಲಿಂ ಮನೆಗಳವರು.

ಜೂನ್‌ನಲ್ಲಿ ಶಾಲೆ ತೆರೆದಾಗ, ಕೆಲಸ ಬಿಡುತ್ತೇನೆ ಎಂದು ಸನ್ನೆ ಮಾಡಿ ಹೇಳಿದೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲೀನಾ ನಕ್ಕುಬಿಟ್ಟರು.

"ಕೂಸುಗಳ್ನ ಹೊಳ್ಳಿ ಕಳಸೂದಿಲ್ಲ ಅಂತ ಸಾಲಿ ಶುರು ಮಾಡೀವಿ. ಟೀಚರ್‌ನ ಹ್ಯಾಂಗ ಕಳಸೂದು? ಬರ್ರಿ, ಕೂಡ್ರಿ ಕ್ಲಾಸಿನ್ಯಾಗ."

ನಾನು ಬೋರ್ಡಿನ ಮೇಲೆ ಬರೆಯುವುದು, ಪಕ್ಕದ ತರಗತಿಯ ಟೀಚರ್ ಬಂದು ಓದಿಸಿ ಹೋಗುವುದು, ಹೀಗೆ ಕೆಲವು ವಾರ ಸಾಗಿತು. ಆದರೆ ಪಾಲಕರ ಸಭೆಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ಎದ್ದು ನಿಂತರು. "ಸಿಸ್ಟರ್, ತಪ್ಪ ತಿಳ್ಕೋಬ್ಯಾಡ್ರಿ. ಒಂದನೇತ್ತೇ ಹುಡುಗ್ರು ಕಿವಿಲೆ ಕೇಳೇ ಕಲೀಬೇಕಲ್ರಿ. ಟೀಚರ್‌ಗೆ ದನಿನ ಇಲ್ಲಂದ್ರ ಹ್ಯಾಂಗ್ರಿ?" ಅವರು ಹೇಳಿದ್ದು ಸುಳ್ಳಲ್ಲ. ನಾಲ್ಕಾರು ತಲೆಗಳು ಹೌದೆಂದು ಆಡಿದವು. ಎದ್ದು ಹೋಗಿಬಿಡೋಣ ಎನ್ನಿಸಿತು.

ಆಗ ಹಿಂದಿನ ಸಾಲಿನಿಂದ ಮೌಲಾಸಾಬ್ ಕಾಕಾ ಎದ್ದರು. ಬಸ್ ಸ್ಟ್ಯಾಂಡಿನ ಬಳಿ ಹಣ್ಣಿನ ಅಂಗಡಿ ಇಟ್ಟವರು, ಮೊಮ್ಮಗನ ಸಲುವಾಗಿ ಸಭೆಗೆ ಬಂದಿದ್ದರು.

"ನನ್ನ ಮಗಳು ರೆಹಾನಾ ನೆನಪದಾಳೇನ್ರಿ ಟೀಚರ್? ಮಾತು ತೊದಲತಿತ್ತು. ಬ್ಯಾರೆ ಸಾಲ್ಯಾಗ ಹುಡುಗ್ರು ನಗತಾರಂತ ಮನ್ಯಾಗ ಕುಂತಿದ್ಲು. ನೀವು ಮಗ್ಗಲಾ ಕೂಡ್ರಿಸ್ಕೊಂಡು ಒಂದೊಂದ ಶಬ್ದಾ ಹಾಡಿಧಂಗ ಅನ್ನಿಸಿದ್ರಿ. ಈಗ ಅಕಿ ಹುಬ್ಬಳ್ಳಿ ದವಾಖಾನ್ಯಾಗ ಮಾತು ಬರದವ್ರಿಗೆ ಮಾತು ಕಲಸ್ತಾಳ್ರಿ. ಐತವಾರಕ್ಕೊಮ್ಮೆ ಊರಿಗೆ ಬರ್ತಾಳ. ಈಗ ಫೋನ್ ಹಚ್ಚಲೇನು?"

ಹುಡುಗಿ ಓದಲು ಹೋಗಿದ್ದು ಗೊತ್ತಿತ್ತು, ಏನು ಓದಿದಳೆಂದು ತಿಳಿದಿರಲಿಲ್ಲ. ಆ ವ್ಯಾಪಾರಿಯೇ, "ಹಚ್ಚ್ರಿ ಕಾಕಾ, ಲಗೂ ಹಚ್ಚ್ರಿ" ಎಂದರು.

ಮುಂದಿನ ಭಾನುವಾರ ಬಲಿಪೂಜೆ ಮುಗಿಯುವ ಹೊತ್ತಿಗೆ ರೆಹಾನಾ ಚರ್ಚಿನ ಅಂಗಳದಲ್ಲಿ ಕಾಯುತ್ತಿದ್ದಳು. ನಮ್ಮ ಡಾಕ್ಟರ ಜೊತೆ ಆಗಲೇ ಮಾತಾಡಿ ಬಂದಿದ್ದಳು. ಶಾಲೆಯ ಪುಟ್ಟ ಬೆಂಚಿನ ಮೇಲೆ ನನ್ನನ್ನು ಕೂರಿಸಿದಳು.

"ಗಾಬರಿ ಆಗಬ್ಯಾಡ್ರಿ ಟೀಚರ್. ಮುಖಾ ಎಡಕ್ಕ ತಿರಗಸ್ರಿ. ಎರಡೂ ಕೈಲೆ ಬೆಂಚು ಒತ್ತಿ ಹಿಡೀರಿ. ಹಾಂ, ಈಗ ಆ ಅನ್ರಿ."

ಗಾಳಿ ಬಂತು. ಮತ್ತೊಮ್ಮೆ ಅಂದೆ, ಮತ್ತೆ ಗಾಳಿ. ಗಲ್ಲ ಹಿಡಿದು ಇನ್ನಷ್ಟು ತಿರುಗಿಸಿ, "ಅನ್ರಿ ಟೀಚರ್, ಬರ್ತೈತಿ" ಎಂದಳು. ಆಗ ಗಂಟಲಿನಿಂದ ಒಂದು ಶಬ್ದ ಹೊರಟಿತು. ಒರಟು, ಒಡಕು, ಆದರೂ ನನ್ನದೇ ದನಿ! ಬಾಗಿಲಲ್ಲಿ ನಿಂತಿದ್ದ ಮೌಲಾಸಾಬ್ ಕಾಕಾ, "ಬಂತು! ಖರೇನ ಬಂತು!" ಎಂದು ಕೂಗಿದರು. ಗುರು ಯಾರು, ಶಿಷ್ಯೆ ಯಾರು ಎಂಬುದು ಮರೆತು ನಾವಿಬ್ಬರೂ ತಬ್ಬಿಕೊಂಡು ಅತ್ತೆವು.

ಪವಾಡ ಒಂದೇ ದಿನದಲ್ಲಿ ಮುಗಿಯಲಿಲ್ಲ. ಪ್ರತಿ ಭಾನುವಾರ ರೆಹಾನಾ ಬಂದಳು. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಊದುವುದನ್ನು ಮನೆಪಾಠವಾಗಿ ಕೊಟ್ಟಳು. ನನ್ನನ್ನು ನೋಡಿ ತರಗತಿಯ ಮಕ್ಕಳೂ ಊದಿ, ಸಮವಸ್ತ್ರ ತೋಯಿಸಿಕೊಂಡು ಬೈಸಿಕೊಂಡರು. ಮುಖ ತಿರುಗಿಸಿದರಷ್ಟೇ ಬರುತ್ತಿದ್ದ ದನಿ ದಸರೆಯ ಹೊತ್ತಿಗೆ ನೇರವಾಗಿಯೂ ಬರತೊಡಗಿತು. ಕ್ರಿಸ್ಮಸ್ ಬಲಿಪೂಜೆಯಲ್ಲಿ ಫಾದರ್ ನನ್ನಿಂದಲೇ ಬೈಬಲಿನ ಮೊದಲ ವಾಚನ ಓದಿಸಿದರು.

ನಾನು ಬಸ್ಸಿನಲ್ಲಿ ಅಳುತ್ತ ಬೇಡಿದ್ದಕ್ಕೆ ಉತ್ತರ, ಎಷ್ಟೋ ವರ್ಷಗಳ ಹಿಂದೆಯೇ ತೊದಲುವ ಹುಡುಗಿಯಾಗಿ ಬಂದು ನನ್ನ ಮಗ್ಗುಲಲ್ಲಿ ಕುಳಿತಿತ್ತು. ಬಂದ ಮಗುವನ್ನು ಹಿಂದಕ್ಕೆ ಕಳಿಸದ ಆ ಹಿರಿಯ ಫಾದರ್ ಮತ್ತು ಸಿಸ್ಟರುಗಳನ್ನು ನೆನೆದು ಕೈಮುಗಿಯುತ್ತೇನೆ. ತಾಯಿ ಮರಿಯಳಿಗೆ, ಆಕೆಯ ಪುತ್ರ ಯೇಸುಸ್ವಾಮಿಗೆ ಕೋಟಿ ಸ್ತೋತ್ರ.

ಮೊದಲಿನಂತೆ ಹಾಡಲು ನನಗೆ ಆಗುವುದಿಲ್ಲ, ಮೈದಾನದ ಆಚೆಗೆ ಕೂಗಲೂ ಆಗುವುದಿಲ್ಲ. ಆದರೆ ಬೆಳಿಗ್ಗೆ ಹಾಜರಿ ಕರೆಯುವಾಗ ಅವಸರ ಮಾಡದೆ ಒಂದೊಂದು ಮಗುವಿನ ಹೆಸರನ್ನೂ ಪೂರ್ತಿಯಾಗಿ ಹೇಳುತ್ತೇನೆ. "ಎಸ್ ಟೀಚರ್" ಎಂದು ಉತ್ತರ ಬರುತ್ತದೆ. ನನ್ನ ದಿನದ ಮೊದಲ ಪ್ರಾರ್ಥನೆ ಈಗ ಅದೇ.