ಹುಳ ಹಣ್ಣಾದ ದಿನದ ಪರ್ಮಿಶನ್ನು

ಪರ್ಮಿಶನ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ತಲೆ ಕೆಡುತ್ತದೆ. ನನ್ನ ಹೊಟ್ಟೆಪಾಡೇ ಅದು, ಆದರೂ ಕೆಡುತ್ತದೆ. ರಾಮನಗರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆಸುವುದು, ಪಾಸ್‌ಪೋರ್ಟ್ ಅರ್ಜಿ ತುಂಬುವುದು, ಅಫಿಡವಿಟ್ ಟೈಪ್ ಮಾಡುವುದು, ಇಷ್ಟರಲ್ಲೇ ನೆಮ್ಮದಿಯಾಗಿದ್ದೆ. ಹೊರದೇಶದವರು ನಮ್ಮ ಕಡೆ ಸಿನಿಮಾ ತೆಗೆಯಲು ಬಂದಾಗ ಅವರಿಗೆ ಓಡಾಡಿಕೊಡಲು ನಾಲ್ಕೂ ತಾಲೂಕಿನ ಕಚೇರಿ ಗೊತ್ತಿರುವ ಒಬ್ಬರು ಬೇಕು ಎಂದು ಬೆಂಗಳೂರಿನ ಒಂದು ಸಿನಿಮಾ ಕಂಪನಿಯವರು ಹುಡುಕುತ್ತಿದ್ದರಂತೆ. ಯಾರೋ ಪುಣ್ಯಾತ್ಮರು ನನ್ನ ನಂಬರು ಕೊಟ್ಟರು. ಇವಳಿಗೆ ಇಂಗ್ಲಿಷೂ ಬರುತ್ತದೆ, ಬೈದು ಕೆಲಸ ಮಾಡಿಸಿಕೊಳ್ಳುವುದೂ ಬರುತ್ತದೆ ಎಂದು ಹೇಳಿ ಕೊಟ್ಟರಂತೆ. ಎರಡನೆಯದು ನಿಜ. ಕಂಪನಿಯ ಕಾಗದಗಳಲ್ಲಿ ನನ್ನ ಹೆಸರಿನ ಮುಂದೆ ‘ಲೋಕಲ್ ಸಪೋರ್ಟ್’ ಎಂದಿರುತ್ತದೆ.

ನಾನು ಹೇಳಹೊರಟಿರುವುದು ಒಬ್ಬ ನಿರ್ದೇಶಕಿ, ಒಬ್ಬ ಕ್ಯಾಮೆರಾದವನು, ಒಬ್ಬ ಸೌಂಡಿನವನು ಬಂದಿದ್ದ ಸಲದ ಕತೆ. ಅವಳ ಊರಿನಲ್ಲಿ ವರ್ಷದಲ್ಲಿ ಅರ್ಧ ಹಿಮವಂತೆ. ಕೈಯಿಂದ ನಿಧಾನವಾಗಿ ಆಗುವ ಕೆಲಸಗಳ ಬಗ್ಗೆ ಅವಳ ಸಿನಿಮಾ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಬೇಕು, ಕನಕಪುರದ ಕಡೆ ಕಲ್ಲು ಒಡೆಯುವವರು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ರೇಷ್ಮೆ ಹುಳ ಗೂಡು ಕಟ್ಟಲು ಹೊರಡುವ ದಿನ ಬೇಕು ಎಂದಳು. ಅದಕ್ಕೇನು ಹುಡುಕುವುದು, ಅಕ್ಕೂರಿನಲ್ಲಿ ನನ್ನ ತಂಗಿಯ ಮನೆಯೇ ಇದೆಯಲ್ಲ ಎಂದೆ. ಬಾಯಿ ಸುಮ್ಮನಿರಬೇಕಲ್ಲ ನನ್ನದು.

ತಂಗಿಯ ಗಂಡ ಕನಕಪುರದ ಕ್ವಾರಿಯಲ್ಲಿ ಲಾರಿ ಓಡಿಸುತ್ತಾನೆ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹುಳ ಸಾಕುವುದೆಲ್ಲ ಅವಳ ಅತ್ತೆಯ ಕಾರುಬಾರು. ಆ ಸಲ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಹಾಗಾಗಿ ಮೊದಲ ಸಲ ತಂಗಿ ಒಬ್ಬಳೇ ಬೆಳೆ ಎತ್ತಬೇಕಾಯಿತು. ಅಂಗಳದಾಚೆಯ ಹುಳದ ಮನೆಯ ಮೇಲೆ ಅವಳ ಮೈದುನನಿಗೂ ಕಣ್ಣಿತ್ತು. ಈ ಬೆಳೆ ಕೈ ಹತ್ತಿದರೆ ಹುಳದ ಮನೆ ದೊಡ್ಡ ಸೊಸೆಗೆ, ಕೆಟ್ಟರೆ ಚಿಕ್ಕ ಮಗನಿಗೆ ಎಂದು ಅತ್ತೆ ಎಲ್ಲರೆದುರಿಗೆ ಅಂದುಬಿಟ್ಟಿದ್ದರು. ತಂಗಿ ಮದುವೆಯಾದಾಗಿನಿಂದ ಆ ಮನೆಯಲ್ಲಿ ಸೊಪ್ಪು ಕೊಯ್ದಿದ್ದಾಳೆ, ಕಸ ತೆಗೆದಿದ್ದಾಳೆ. ಇದು ನನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಒಂದು ಮೊಳ ಜಾಗವೂ ಇರಲಿಲ್ಲ. ಅಂಥದ್ದರಲ್ಲಿ ನಾನು ಹೋಗಿ ಕ್ಯಾಮೆರಾದವರು ಬರುತ್ತಾರೆ ಅಂದೆ. ಅವಳು, ನೀನು ಕೇಳಿದ ಮೇಲೆ ಇಲ್ಲ ಅನ್ನುವುದಕ್ಕೆ ಆಗುತ್ತದೆಯೇ ಎಂದಳು. ಅದು ಒಪ್ಪಿಗೆಯೋ ಬೈಗುಳವೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಇನ್ನು ಕಚೇರಿಗಳು. ದೆಹಲಿಯಿಂದ ಒಂದು ಅನುಮತಿ ಬಂತು. ಅದನ್ನು ನೋಡಿದ ಒಂದು ಕಚೇರಿಯವರು ಇದು ಮೇಲಿನದು, ಕೆಳಗಿನದು ಎಲ್ಲಿ ಅಂದರು. ಕೆಳಗಿನ ಕಚೇರಿಯವರು ಮೇಲೆ ಕೊಟ್ಟ ಮೇಲೆ ನಮ್ಮದೇನಿದೆ ಅಂದರು. ಹಾಗಂತ ಬರೆದುಕೊಡಿ ಎಂದರೆ ಅದಕ್ಕೆ ಮೇಲಿನವರ ಅನುಮತಿ ಬೇಕಂತೆ. ಒಂದು ಕಡೆ ಸಿನಿಮಾದ ಹೀರೋ ಯಾರು ಎಂದು ಕೇಳಿದರು. ಹುಳ ಅಂದೆ. ಪ್ರಾಣಿಗಳನ್ನು ಬಳಸುವುದಾದರೆ ಅದಕ್ಕೆ ಬೇರೆ ಅನುಮತಿ ಇದೆಯಲ್ಲ, ಹುಳ ಪ್ರಾಣಿಯಲ್ಲಿ ಬರುತ್ತದೋ ಇಲ್ಲವೋ ಎಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅಯ್ಯೋ ಶಿವನೇ, ಏನಾದರೂ ಒಂದು ಸೀಲು ಒತ್ತಿ ಎಂದು ಕೊನೆಗೆ ನಾನೇ ಜೋರು ಮಾಡಿದೆ. ಒತ್ತಿದರು. ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಕೊನೆಯಲ್ಲಿ ಎಲ್ಲರೂ ಬರೆಯುವ ಹಾಗೆ ‘ಸೂಕ್ತ ರಕ್ಷಣೆ ಒದಗಿಸಬೇಕಾಗಿ ಕೋರಿಕೆ’ ಎಂದು ಟೈಪ್ ಮಾಡಿದ್ದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಸಾಲು ಯಾವಾಗಲೂ ಇರುತ್ತದೆ. ಅದನ್ನು ಯಾರಾದರೂ ಓದುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ.

ಮನೆಯೊಳಗಿನ ಅನುಮತಿ ಇನ್ನೂ ಗೋಜಲು. ನಿರ್ದೇಶಕಿಗೆ ಮನೆಯ ಯಜಮಾನಿಯ ಒಪ್ಪಿಗೆ ಬಾಯಿಮಾತಿನಲ್ಲಾದರೂ ಬೇಕಿತ್ತು. ನಾನು ಅತ್ತೆಯವರನ್ನು ಕೇಳಿದೆ. “ಬರಾವ್ರು ಬರ್ಲಿ, ನೋಡನ” ಅಂದರು. ಒಳಗೆ ಕರೆದುಕೊಂಡು ಹೋಗಬಹುದಾ ಎಂದರೆ, ಕಾಪಿ ಕುಡಿ ಅಂದರು. ನಮ್ಮ ಕಡೆ ಯಾರ ಬಾಯಲ್ಲೂ ಹೂಂ ಬರುವುದಿಲ್ಲ, ಊಹೂಂ ಕೂಡ ಬರುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ಹೇಗೆ ಹೇಳಲಿ? ಯೋಚನೆ ಮಾಡುತ್ತಿದ್ದಾರೆ ಅಂದೆ. ಎಷ್ಟು ದಿನ ಯೋಚನೆ ಮಾಡುತ್ತಾರೆ ಅಂದಳು. ಹುಳ ಹಣ್ಣಾಗುವವರೆಗೆ ಅಂದೆ.

ಹುಳ ಹಣ್ಣಾಗುವುದು ಎಂದರೆ ಸೊಪ್ಪು ತಿಂದು ತಿಂದು ಸಾಕಾಗಿ, ಮೈ ತಿಳಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆ ಹೊತ್ತಿಗೆ ಒಂದೊಂದನ್ನೂ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಎಲ್ಲೆಂದರಲ್ಲಿ ಸುತ್ತಿಕೊಂಡು ಗೂಡು ಹಾಳು. ಮನೆಮಂದಿಯಿಂದಷ್ಟೇ ಆಗುವ ಕೆಲಸ ಅಲ್ಲ ಅದು. ಬೀದಿಯವರೆಲ್ಲ ಬರುತ್ತಾರೆ. ಯಾರಿಗೂ ಕೂಲಿ ಇಲ್ಲ. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನೀನು ನಮ್ಮ ಮನೆಗೆ ಬಂದೆಯಾ, ನಿಮ್ಮ ಮನೆಯಲ್ಲಿ ಕೆಲಸ ಬಿದ್ದ ದಿನ ನಾನು ಬರಲೇಬೇಕು. ಹೋಗದೆ ಉಳಿದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ತಂಗಿ ಆ ವರ್ಷ ಬೀದಿಯ ಎಲ್ಲ ಮನೆಗೂ ಹೋಗಿ ಬಂದಿದ್ದಳು.

ಹುಳ ಹಣ್ಣಾಯಿತು, ಬಂದುಬಿಡಿ ಎಂದು ಬೆಳಗ್ಗೆಯೇ ಅವಳ ಫೋನು ಬಂತು. ಷರತ್ತಿನಂತೆ ಠಾಣೆಗೂ ಒಂದು ಫೋನು ಮಾಡಿ ತಿಳಿಸಿ, ಮೂವರನ್ನೂ ಕಾರಿಗೆ ತುಂಬಿಕೊಂಡು ಹೋದೆ. ಬೀದಿಯ ಬಾಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಒಬ್ಬ ಪೇದೆ ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದವನು ಎದ್ದು ನನಗೆ ನಮಸ್ಕಾರ ಮಾಡಿದ. ಸೂಕ್ತ ರಕ್ಷಣೆ ಬಂದಿತ್ತು. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ.

ತಂಗಿಯ ಅಂಗಳದಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ. ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದಾಳೆ, ಬಂದವರಿಗೆಂದು ದೊಡ್ಡ ಪಾತ್ರೆಯಲ್ಲಿ ಹುಳಿ ಕುದಿಯುತ್ತಿದೆ, ಆಯುವುದಕ್ಕೆ ಅವಳೊಬ್ಬಳೇ. ಅತ್ತೆ ಕಟ್ಟು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದಾರೆ. ಮೈದುನ ಹೆಂಡತಿಯ ಊರು ಸೋಲೂರಿಗೆ ಹೋಗಿದ್ದಾನೆ, ಬೇಕೆಂದೇ ಹೋದನೋ ಏನೋ. ಎಲ್ಲಿ ಜನ ಎಂದು ಕೇಳಿದೆ. ತಂಗಿ ತಲೆ ಎತ್ತದೆ ಬೀದಿಯ ಬಾಯಿಯ ಕಡೆ ಕೈ ತೋರಿಸಿದಳು. ಜೀಪು ಯಾಕೆ ಬಂತು ಎಂದು ಯಾರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಒಬ್ಬನ ಬೈಕಿಗೆ ಇನ್ಶೂರೆನ್ಸ್ ಇಲ್ಲ, ಇನ್ನೊಬ್ಬನ ಮೇಲೆ ಇಸ್ಪೀಟಿನ ಕೇಸು, ಮತ್ತೊಬ್ಬನ ಕೊಳವೆಬಾವಿಗೆ ಕರೆಂಟಿನ ಕನೆಕ್ಷನ್ ಸರಿಯಿಲ್ಲ. ಎಲ್ಲರೂ ಕದ ಹಾಕಿಕೊಂಡಿದ್ದರು, ಇಲ್ಲವೇ ಹೊಲಕ್ಕೆ ಹೋಗಿದ್ದರು.

ಮನೆಮನೆಗೆ ಹೋದೆ. ಬಿಳಿಯರ ಕಾವಲಿಗೆ ಬಂದ ಜೀಪು ಅದು, ನಿಮಗೇನೂ ಮಾಡುವುದಿಲ್ಲ ಎಂದು ಬೇಡಿಕೊಂಡೆ. ಎಲ್ಲರೂ ಕದ ಅರ್ಧ ತೆಗೆದು “ನಡಿಯವ್ವ, ಬತ್ತೀವಿ” ಅಂದರು. ಒಬ್ಬರೂ ಬರಲಿಲ್ಲ. ಪೇದೆಗೆ ದಯವಿಟ್ಟು ಹೊರಡಪ್ಪಾ ಅಂದೆ. ಆತ ಪಾಪ ಮರ್ಯಾದಸ್ಥ. ಹೊರದೇಶದವರು ಇರುವವರೆಗೂ ಇರಬೇಕೆಂದು ಆರ್ಡರ್ ಆಗಿದೆ, ಆರ್ಡರ್ ಆದದ್ದೇ ನಿಮ್ಮ ಅರ್ಜಿಯ ಮೇಲೆ ಮೇಡಂ ಎಂದು ನನ್ನ ಅರ್ಜಿಯನ್ನೇ ನನಗೆ ತೋರಿಸಿದ. ಅವರ ಸಾಹೇಬರಿಗೆ ಫೋನು ಮಾಡಿದರೆ ಮೀಟಿಂಗಿನಲ್ಲಿದ್ದರು. ಹಾಳಾಗಿ ಹೋಗಲಿ ಎಂದು ವಾಪಸ್ ಬಂದೆ. ಹುಳದ ಮನೆಯ ಬಾಗಿಲಲ್ಲಿ ತಂಗಿ ನನ್ನನ್ನು ನೋಡಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಕ್ಕ, ಅವು ಆಗ್ಲೇ ಕಸದಲ್ಲಿ ನೂಲ್ ಬುಡ್ತಾವೆ ಕಣೆ” ಅಂದಳು. ನನಗೆ ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣ ಅನಿಸಿತು.

ನಿರ್ದೇಶಕಿ ಏನಾಯಿತು ಎಂದು ಕೇಳಿದಳು. ಹೇಳಿದೆ, ಅರ್ಧ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ. ಎಷ್ಟು ಜನ ಬೇಕು ಎಂದು ಕೇಳಿದಳು. ಸಿಕ್ಕಿದಷ್ಟು ಅಂದೆ. ಅವಳು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಕೈ ಎಲ್ಲಿ ತೊಳೆಯಬೇಕು ಎಂದಳು. ನಾನು ಬೇಡ ಅನ್ನಬೇಕಾಗಿತ್ತು. ಇವರು ಸಿನಿಮಾ ತೆಗೆಯಲು ಬಂದವರು, ಕೆಲಸ ಮಾಡಲು ಬಂದವರಲ್ಲ. ವೀಸಾದ ಷರತ್ತುಗಳನ್ನೆಲ್ಲ ನಾನೇ ಓದಿ ಹೇಳಿದ್ದೆ. ಬಾಯಿಗೆ ಬಂದದ್ದು ಮಾತ್ರ ಅಗೋ ಅಲ್ಲಿ ನಲ್ಲಿ ಎಂಬ ಮಾತು.

ಬಾಗಿಲಲ್ಲಿ ತಂಗಿ ಎಲ್ಲರನ್ನೂ ಮೂಸಿ ನೋಡಿದಳು. ಸೌಂಡಿನವನು ಮೈತುಂಬ ಸೊಳ್ಳೆ ಮುಲಾಮು ಬಳಿದುಕೊಂಡಿದ್ದ. ಹಚ್ಚಬೇಡಿ, ಅದರ ಘಾಟಿಗೆ ಹುಳ ಸತ್ತೇ ಹೋಗುತ್ತವೆ ಎಂದು ನಾನು ಮೊದಲೇ ಬಡಿದುಕೊಂಡಿದ್ದೆ. ಬಳಿದದ್ದು ಹಿಂದಿನ ದಿನ ಅಂದ ಮಹಾರಾಯ. ಅವನನ್ನು ಬಚ್ಚಲಿಗೆ ಅಟ್ಟಿ, ಸೀಗೆಪುಡಿ ಕೊಟ್ಟು, ಎರಡೆರಡು ಸಲ ಸ್ನಾನ ಮಾಡಿಸಿ, ಗಂಡನ ಲುಂಗಿ ಉಡಿಸಿ ಒಳಗೆ ಬಿಟ್ಟಳು. ಅಷ್ಟು ಎತ್ತರದ ಆಳಿಗೆ ಆ ಲುಂಗಿ ಮೊಣಕಾಲಿಗೆ ಬರುತ್ತಿತ್ತು. ಕ್ಯಾಮೆರಾ ಪೆಟ್ಟಿಗೆ ಕಾರಿನಲ್ಲೇ ಉಳಿಯಿತು.

ಯಾವುದು ಹಣ್ಣು, ಯಾವುದು ಕಾಯಿ ಎಂದು ತಂಗಿ ಬೆಳಕಿಗೆ ಹಿಡಿದು ತೋರಿಸಿಕೊಟ್ಟಳು. ಮೊದಮೊದಲು ಅವರು ಹುಳವನ್ನು ಗಾಜಿನ ಸಾಮಾನಿನ ಹಾಗೆ ಹಿಡಿಯುತ್ತಿದ್ದರು. ಆಮೇಲೆ ಕೈ ಕುದುರಿತು. ಅವರು ತುಂಬಿದ ಚಂದ್ರಿಕೆಗಳನ್ನು ನಾನು ಚಪ್ಪರದ ಕೆಳಗೆ ಸಾಗಿಸುತ್ತಿದ್ದೆ. ಅಷ್ಟರಲ್ಲಿ ಪೇದೆ ಬಂದು ಬಾಗಿಲ ಹೊರಗೆ ನಿಂತ. ಲುಂಗಿಯವನನ್ನು ನೋಡಿದ, ಬಗ್ಗಿ ಕೂತ ನಿರ್ದೇಶಕಿಯನ್ನು ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ.

“ಮೇಡಂ, ಲೆಟ್ರಲ್ಲಿ ಚಿತ್ರೀಕರಣ ಅಂತ ಐತೆ. ಇವ್ರಿಗೆ ಹುಳ ಆಯಕ್ಕೆ ಪರ್ಮಿಶನ್ ಐತಾ?”

ಅಷ್ಟೊಂದು ಸೀಲು ಒತ್ತಿಸಿದವಳು ನಾನು, ಇದಕ್ಕೆ ಯಾವ ಸೀಲು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲಪ್ಪ, ನಿಜವಾಗಿಯೂ ಗೊತ್ತಿಲ್ಲ ಅಂದೆ. ಆತ ಹೋಗಿ, ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಕೂತ.

ಬೀದಿಯವರು ಬಂದದ್ದು ಮಧ್ಯಾಹ್ನದ ಮೇಲೆ. ಲುಂಗಿ ಉಟ್ಟ ಬಿಳಿಯ ಹುಳ ಆಯುತ್ತಿದ್ದಾನೆ ಎಂಬ ಸುದ್ದಿ ಹೋದ ಮೇಲೆ ಯಾರ ಕದ ತಾನೇ ಮುಚ್ಚಿಕೊಂಡಿದ್ದೀತು? ಎದುರು ಮನೆಯ ಹೆಂಗಸರು ನೋಡಲು ಬಂದು, ಅವರು ಆಯುವ ಚಂದ ನೋಡಲಾರದೆ ಸೆರಗು ಸಿಕ್ಕಿಸಿ ಕೂತರು. ಸಂಜೆಯೊಳಗೆ ಕಸದಲ್ಲಿ ಒಂದು ಹುಳವೂ ಉಳಿಯಲಿಲ್ಲ. ಬೆಳಗ್ಗೆ ಒಂದಷ್ಟು ಗೂಡು ಹಾಳಾಗಿತ್ತು, ಬೆಳೆ ಕೆಡಲಿಲ್ಲ. ಈಗ ತೆಗೆದುಕೊಳ್ಳಿ ನಿಮ್ಮ ಫೋಟೋ ಎಂದು ತಂಗಿ ಅವರಿಗೆ ಹೇಳಿಸಿದಳು. ಹೊತ್ತು ಮುಳುಗುತ್ತಿತ್ತು, ನೂಲುವ ಹುಳದ ಮೇಲೆ ಲೈಟು ಹಾಕುವಂತಿಲ್ಲ. ನಿರ್ದೇಶಕಿ ಬೇಡ ಎಂದು ತಲೆಯಾಡಿಸಿದಳು. ಅದಕ್ಕಾಗಿ ಸಮುದ್ರ ದಾಟಿ ಬಂದವಳು. ಅವಳಿಗೆ ಬೇಜಾರಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುದ್ದೆ ಹುಳಿ ಮಾತ್ರ ಚೆನ್ನಾಗಿ ಉಂಡಳು.

ಉಂಡ ಮೇಲೆ ಅತ್ತೆ ಸೊಸೆಯನ್ನು ಕರೆದರು. ಬೆಳೆಯ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ಮರಿಹುಳ ಯಾವಾಗ ತರುತ್ತೀಯ ಎಂದಷ್ಟೇ ಕೇಳಿದರು. ತಂಗಿಗೆ ಅರ್ಥವಾಯಿತಾ ಎಂದು ನಾನು ಅವಳ ಮುಖ ನೋಡಿದೆ. ಅವಳು ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆ ಮೂವರು ಗೊಂಬೆ, ಕಲ್ಲು ಎಲ್ಲ ತೆಗೆದುಕೊಂಡು ಊರಿಗೆ ಹೋದರು. ಸ್ವಲ್ಪ ದಿನಕ್ಕೆ ತಂಗಿ ಅಂಗಡಿಗೆ ಬಂದು ಕೂತಳು. ಬೀದಿಯವರ ಮುಯ್ಯಿ ಎಲ್ಲ ತೀರಿತು, ಅವರ ಮುಯ್ಯಿ ಉಳಿದಿದೆ ಅಂದಳು. ಯಾರದು ಅಂದೆ. ಅವರ ಮೂವರದೂ ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಕೆಲಸ ಮಾಡಿಸಿಕೊಂಡು ಸುಮ್ಮನೆ ಕೂತರೆ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ನನ್ನ ಮೇಲೇ ರೇಗಿದಳು. ತಮಾಷೆಗೆಂದೇ ನಿರ್ದೇಶಕಿಗೆ ಬರೆದೆ. ಅವಳು ತಮಾಷೆ ಎಂದುಕೊಳ್ಳಲಿಲ್ಲ. ತನ್ನ ತಾಯಿಗೆ ಸೇಬಿನ ತೋಟವಿದೆ, ಕೊಯ್ಲಿಗೆ ಕೈ ಸಾಲದು, ಖಂಡಿತ ಬರಲಿ, ಓಡಾಟದ ಖರ್ಚು ತನ್ನದು ಎಂದು ಉತ್ತರ ಬಂತು.

ಈಗ ತಂಗಿಯ ಪಾಸ್‌ಪೋರ್ಟು ನನ್ನ ಮೇಜಿನ ಮೇಲಿದೆ. ವೀಸಾ ಅರ್ಜಿಯಲ್ಲಿ ಭೇಟಿಯ ಉದ್ದೇಶ ಕೇಳುತ್ತಾರೆ. ಪ್ರವಾಸ ಎಂದರೆ ಸುಳ್ಳಾಗುತ್ತದೆ. ಕೆಲಸ ಎಂದರೆ ಸಂಬಳ ಎಷ್ಟು ಎನ್ನುತ್ತಾರೆ. ಬಂಧುಗಳ ಭೇಟಿ ಎಂದರೆ ಏನಾಗಬೇಕು ಎನ್ನುತ್ತಾರೆ. ಮುಯ್ಯಿ ತೀರಿಸುವುದಕ್ಕೆ ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಪರ್ಮಿಶನ್ ಮಾಡಿಸಿಕೊಡುವುದರಲ್ಲಿ ಪಳಗಿದವಳು ಎಂದು ಕಂಪನಿಯವರು ನನ್ನನ್ನು ಹೊಗಳುತ್ತಾರೆ, ನನ್ನ ಹಣೆಬರಹ. ಆ ಜಾಗ ಖಾಲಿ ಬಿಟ್ಟು ಅಕ್ಕೂರಿಗೆ ಹೋದೆ. ಮನೆಯವರ ಒಪ್ಪಿಗೆಯಾದರೂ ಸಿಗುತ್ತದಾ, ಅದೂ ಇಲ್ಲವಾ ಎಂದು ಅತ್ತೆಯವರನ್ನೇ ನೇರವಾಗಿ ಕೇಳಿದೆ. ನೋಡನ ಅನ್ನುತ್ತಾರೆ, ಕಾಪಿ ಕುಡಿ ಅನ್ನುತ್ತಾರೆ ಎಂದು ಕಾಯುತ್ತಾ ಕೂತೆ. ಅವರು ಚಂದ್ರಿಕೆ ಒರೆಸುತ್ತಿದ್ದ ಸೊಸೆಯ ಕಡೆ ತಿರುಗಿದರು.

“ಹೋಗ್‌ಬುಟ್ ಬಾ ಮಗ. ನೀ ಬರೋಗಂಟ ನಿನ್ ಹುಳದ್ ಮನೆ ನಾನ್ ನೋಡ್ಕತೀನಿ.”