ಸಾಸಿವೆ ಸಿಡಿದ ಸಂಜೆ

ನಮ್ಮವ್ವ ಯಾಕೆ ಕ್ರೈಸ್ತಳಾದಳು ಎಂಬುದಕ್ಕೆ ನಮ್ಮೂರು ಸಾಸಲಿನವರ ಬಳಿ ಒಂದು ಕಥೆಯಿದೆ: ಮಗಳನ್ನು ಓದಿಸುವ ಆಸೆಗೆ ಜಾತಿ ಬಿಟ್ಟಳಂತೆ. ಚರ್ಚಿನವರ ಬಳಿ ಇನ್ನೊಂದಿದೆ: ಎಸ್ತರಮ್ಮ ಎಂಬುವಳ ಒಂದೇ ಪ್ರಾರ್ಥನೆಗೆ ಅವಳ ಕಣ್ಣೀರು ನಿಂತಿತಂತೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅವಳು ದೀಕ್ಷಾಸ್ನಾನ ಪಡೆದಾಗ ನನ್ನನ್ನು ಶಾಲೆಗೆ ಕಳಿಸುವ ಮಾತೇ ಎದ್ದಿರಲಿಲ್ಲ. ಇನ್ನು ಕಣ್ಣೀರು ನಿಂತಿತು ಅನ್ನಲು, ಅವಳು ಅತ್ತದ್ದನ್ನು ಕಂಡವರು ಯಾರು? ಕಾಲೇಜಿನ ವಾದಸ್ಪರ್ಧೆಗಳಲ್ಲಿ ನಾನು ಕಲಿತದ್ದು, ಎದುರಿನವರ ಮಾತಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಮೊದಲು ನೋಡುವುದು. ಈ ಎರಡು ಕಥೆಗಳಲ್ಲೂ ಅಡುಗೆಮನೆ ಬಿಟ್ಟುಹೋಗಿದೆ. ಹುಚ್ಚೆಳ್ಳೆಣ್ಣೆ ಕಾದು ಸಾಸಿವೆ ಸಿಡಿಯುವ ಸದ್ದು ಯಾರ ಮನೆಯಿಂದ ಕೇಳಿದರೂ ಇವತ್ತಿಗೂ ನನ್ನ ಬೆನ್ನು ಸೆಟೆಯುತ್ತದೆ.

ನನಗಾಗ ಏಳು ವರ್ಷ. ನನ್ನ ತಮ್ಮ ಮುನಿಗೆ ಸಿಡುಬು ಎದ್ದಿತ್ತು. ನಮ್ಮ ಕಡೆ ಅದನ್ನು ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಅವಳಿಗೆ ಉರಿ ತಾಕುತ್ತದೆ. ಬಾಗಿಲಿಗೆ ಬೇವು, ನಡುಮನೆಯಲ್ಲಿ ಅರಿಸಿನದ ವಾಸನೆ, ಬೇವಿನೆಲೆಯ ಮೇಲೆ ಬೆತ್ತಲೆ ಮಲಗಿ ನರಳುವ ಮುನಿ, ನಮಗೆಲ್ಲ ಮೂರು ಹೊತ್ತೂ ಸಪ್ಪೆ ಸಾರು. ಒಂದು ಮಧ್ಯಾಹ್ನ ನಾನು ಮುದ್ದೆಯ ತಣಿಗೆ ತಳ್ಳಿ, ಒಗ್ಗರಣೆ ಹಾಕಿದರೇ ಉಣ್ಣುವುದು ಎಂದು ಹಟ ಹಿಡಿದೆ. ಅವ್ವ ಬಾಗಿಲ ಕಡೆ ನೋಡಿದಳು. ಕಬ್ಬಿಣದ ಸೌಟನ್ನು ಒಲೆಗಿಟ್ಟು ಒಂದು ಚಿಟಿಕೆ ಸಾಸಿವೆ ಹಾಕಿ, ಸದ್ದು ಕೇಳದಿರಲೆಂದು ಮುಚ್ಚಳ ಒತ್ತಿ ಹಿಡಿದಳು. ಜಗಲಿಯಲ್ಲಿದ್ದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಕೇಳಿಯೇ ಬಿಟ್ಟಿತು. ಓಡಿಬಂದ ಅವಳಿಗೆ ಅವ್ವ ತಲೆ ತಗ್ಗಿಸಿ, "ನನ್ ನಾಲ್ಗೆ ಕೇಳ್ತು ಅತ್ತೆ" ಅಂದಳು. ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿ ಇನ್ನೊಂದು ತುತ್ತು ಮುರಿದೆ. ಮೂರನೆಯ ದಿನ ಮುನಿ ತೀರಿಹೋದ.

ಆಮೇಲೆ ಮೂರು ವರ್ಷ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಪಕ್ಕದ ಮನೆಯಿಂದ ಬೆಳ್ಳುಳ್ಳಿ ಕಮರಿದ ವಾಸನೆ ಬಂದಾಗಲೆಲ್ಲ ಅವ್ವನನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಸಿಡುಬಿನ ಚುಚ್ಚುಮದ್ದು ಹಾಕಲು ಬಂದವರು, ಒಗ್ಗರಣೆಯಿಂದ ಯಾರೂ ಸಾಯುವುದಿಲ್ಲ ಎಂದು ಬಿಡಿಸಿ ಹೇಳಿದರು. ನಾನಿವತ್ತು ಹೇಳುವುದೂ ಅದನ್ನೇ. ಅವ್ವ ಕೇಳಿಸಿಕೊಂಡು, "ನೀವಂಗಂತೀರ ಸ್ವಾಮಿ, ಹಾಕಿದ್ದು ನನ್ ಕೈ" ಅಂದಳು.

ಎಸ್ತರಮ್ಮ ದೊಡ್ಡಬಳ್ಳಾಪುರದಿಂದ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬಂದು ಊರೂರು ಸುತ್ತಿ ಹೆಂಗಸರಿಗೆ ಬೈಬಲ್ ಓದಿ ಹೇಳುವವಳು. ಅವ್ವ ಹುಲ್ಲಿನ ಹೊರೆ ಹೊತ್ತು ಬಂದಾಗ ಇಳಿಸಲು ಕೈ ನೀಡಿದ್ದೇ ಅವರ ಮೊದಲ ಪರಿಚಯ. ವಾರಕ್ಕೊಮ್ಮೆ ಬೇಲಿ ಪಕ್ಕ ಕೂತು ಮಾತಾಡುತ್ತಿದ್ದರು. ನಿನ್ನದೇನೂ ತಪ್ಪಿಲ್ಲ ಎಂದು ಎಸ್ತರಮ್ಮ ಒಮ್ಮೆಯೂ ಅನ್ನಲಿಲ್ಲ. "ತಪ್ಪು ಅಂತೀಯಾ? ತಪ್ಪೇ ಅನ್ಕೊ ಅಕ್ಕ. ಅದನ್ನ ಹೊತ್ಕೊಳ್ಳೋಕೇ ಯೇಸಪ್ಪ ಬಂದಿದ್ದು. ಇಳ್ಸ್‌ಬಿಡು" ಅಂದಳು. ವಾದಕ್ಕಿಟ್ಟರೆ ಇದು ನಿಲ್ಲುವ ಮಾತಲ್ಲ. ಆದರೆ ಅವ್ವ ಅವತ್ತು ಬೇಲಿಯ ನೆರಳಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದಳು.

ಅದಾದ ತಿಂಗಳಲ್ಲೇ ನಾನು ಜ್ವರ ಬಂದು ಮಲಗಿದೆ. ಮೂರನೆಯ ದಿನ ಅಜ್ಜಿ ಬಾಗಿಲಿಗೆ ಬೇವು ಸಿಕ್ಕಿಸಿದಳು. ಅವತ್ತು ಸಂಜೆ ಅವ್ವ ತುಕ್ಕು ಹಿಡಿದಿದ್ದ ಸೌಟನ್ನು ಉಜ್ಜಿ ಒಲೆಗಿಟ್ಟಳು. ಅಜ್ಜಿ ಹೊಸ್ತಿಲಲ್ಲಿ ನಿಂತು, "ಮುನೀನ ಕಳ್ಕೊಂಡಿದ್ದು ಸಾಲ್ದಾ? ಇವ್ಳೊಬ್ಳು ಉಳ್ದವ್ಳೆ" ಅಂದಳು. ಅಪ್ಪ ಕಂಬ ಹಿಡಿದು ನಿಂತಿದ್ದ. ಚಾಪೆಯಿಂದ ನಾನೂ ಅಳುತ್ತಾ ಅಂದೆ: "ಬ್ಯಾಡ ಕಣವ್ವ, ನಂಗೆ ಸಪ್ಪೇದೇ ಸಾಕು." ಅವ್ವ ಎಣ್ಣೆ ಕಾಯುವವರೆಗೂ ಕಾದಳು.

"ಮೂರು ವರ್ಷ ಹೊತ್ತಿದ್ದೀನಿ ಅತ್ತೆ. ಈಗ ಇಳ್ಸಿದ್ದೀನಿ. ಮತ್ತೆ ತಲೆ ಮೇಲೆ ಎತ್ಕೊಳಲ್ಲ."

ಸಾಸಿವೆ ಸಿಡಿಯಿತು. ಈ ಸಲ ಅವಳು ಮುಚ್ಚಳ ಒತ್ತಲಿಲ್ಲ. ಎರಡು ದಿನ ನಾನು ಅಂಗೈ ತಿರುವಿ ತಿರುವಿ ಗುಳ್ಳೆ ಹುಡುಕಿದೆ. ಏಳಲಿಲ್ಲ, ಜ್ವರ ಬಿಟ್ಟಿತು. ಬರೀ ಜ್ವರವೇ ಇದ್ದಿರಬೇಕು. ಅದನ್ನು ನಾನು ಯಾವುದಕ್ಕೂ ಸಾಕ್ಷಿಯಾಗಿ ಒಡ್ಡುವುದಿಲ್ಲ. ಒಡ್ಡುವುದಾದರೆ ಮುಚ್ಚಳ ಒತ್ತದ ಆ ಕೈಯನ್ನೇ.

ದೀಕ್ಷಾಸ್ನಾನವಾದ ಮೇಲೆ ಅವ್ವನ ಒಲೆ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಅಪ್ಪ, ಅಜ್ಜಿ ಕೊನೆಯವರೆಗೂ ಅವಳ ಕೈಯಡುಗೆ ಮುಟ್ಟಲಿಲ್ಲ. ನಾನು ಎರಡೂ ಕಡೆ ಉಂಡೆ. ಈಗ ಅವರಿಬ್ಬರೂ ಇಲ್ಲ, ಮನೆಯ ಸೂರು ಕುಸಿದು ನಡುಮನೆಯಲ್ಲಿ ತುಂಬೆಗಿಡ ಬೆಳೆದಿದೆ. ಹೋದ ವರ್ಷ ಅವ್ವನೂ ಹೋದಳು. ಅಜ್ಜಿಗೆ ಹೇಳಿದ ಆ ಒಂದು ಸುಳ್ಳನ್ನು ಅವಳು ಯಾರ ಮುಂದೆಯೂ ತಿದ್ದಲಿಲ್ಲ. ಊರೆಲ್ಲರ ಮಾತನ್ನು ತಿದ್ದುವ ನಾನೂ ತಿದ್ದಲಿಲ್ಲ. ಅವ್ವಾ, ಬೇಲಿಯ ನೆರಳಲ್ಲಿ ಕಣ್ಣು ಮುಚ್ಚಿ ಕೂತಿದ್ದೆಯಲ್ಲ, ಅವತ್ತು ಒಗ್ಗರಣೆ ಕೇಳಿದ್ದು ಯಾರ ನಾಲಗೆ ಎಂದು ನಿನ್ನ ಯೇಸಪ್ಪನಿಗಾದರೂ ಹೇಳಿದೆಯಾ?