ಹಡಗಿನ ಮೇಲೆ ತೆಗೆದ ಮದುವೆ ಫೋಟೋ

ನಮ್ಮ ಕಸುಬಿನಲ್ಲಿ ‘ಸೇರಿಸುವುದು’ ಅಂತ ಒಂದು ಕೆಲಸವಿದೆ. ಮದುವೆಗೆ ಬರಲಾಗದವರನ್ನು ಆಮೇಲೆ ಕಂಪ್ಯೂಟರಿನಲ್ಲಿ ಗುಂಪಿನ ಫೋಟೋದೊಳಗೆ ತಂದು ನಿಲ್ಲಿಸುವುದು. ದೊಡ್ಡಬಳ್ಳಾಪುರದಲ್ಲಿ ಸ್ಟುಡಿಯೋ ತೆರೆದಾಗಿನಿಂದ ತೀರಿಕೊಂಡ ಅಜ್ಜಂದಿರು, ರಜೆ ಸಿಗದ ಸೈನಿಕರು, ಬಾಣಂತನದಲ್ಲಿದ್ದ ಅಕ್ಕಂದಿರು ಎಂದು ಎಷ್ಟೋ ಜನರನ್ನು ಸೇರಿಸಿದ್ದೇನೆ. ಒಬ್ಬ ಅಜ್ಜನನ್ನು ಗುರುತಿನ ಚೀಟಿಯ ಫೋಟೋದಿಂದಲೇ ಎತ್ತಿ ಸೇರಿಸಬೇಕಾಯಿತು. ಮನೆಯವರೆಲ್ಲ ಸಡಗರದಲ್ಲಿ ನಿಂತಿದ್ದರೆ ಅವರು ಮಾತ್ರ ಆಗಷ್ಟೇ ಯಾರದೋ ಕೈಲಿ ಬೈಸಿಕೊಂಡು ಬಂದ ಹಾಗಿದ್ದಾರೆ. “ನಮ್ಮಜ್ಜ ಇದ್ದಿದ್ದೇ ಹಂಗೆ” ಎಂದು ಮನೆಯವರು ಖುಷಿಯಾಗಿ ಒಪ್ಪಿಕೊಂಡರು.

ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಒಂದು ಮನೆಯ ಮದುವೆ ಒಪ್ಪಿಕೊಂಡೆ. ಯಜಮಾನರಿಗೆ ದ್ರಾಕ್ಷಿ ತೋಟ, ನಾಲ್ಕು ಸೀಮೆ ಹಸು, ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ಹೊಸಕೋಟೆಗೆ ಕೊಡುತ್ತಿದ್ದರು. ಮಗ ಬೆಂಗಳೂರಿನ ಒಂದು ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಮುಹೂರ್ತದ ಹಿಂದಿನ ದಿನ ಅವನಿಗೆ ಪುಣೆಯಲ್ಲಿ ಕಾರ್ಯಕ್ರಮ. “ಬೆಳಗಿನ ಮೊದಲ್ನೇ ಫ್ಲೈಟಿಗೆ ಬಂದ್ಬಿಡ್ತೀನಿ, ದೇವನಹಳ್ಳಿಯಿಂದ ಛತ್ರ ಎಷ್ಟು ದೂರ” ಎಂದು ಹೇಳಿ ಹೋಗಿದ್ದನಂತೆ. ಲೆಕ್ಕ ಸರಿಯಾಗಿಯೇ ಇತ್ತು, ಮಂಜನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವತ್ತು ಬೆಳಿಗ್ಗೆ ಛತ್ರದ ಗೇಟಿನಲ್ಲಿ ನಿಂತರೆ ಊಟದ ಹಾಲ್ ಕಾಣುತ್ತಿರಲಿಲ್ಲ. ನಾನು ಮಂಟಪದ ಮುಂದೆ ಲೈಟು ನಿಲ್ಲಿಸುತ್ತಿರುವಾಗ ನೆತ್ತಿಯ ಮೇಲೆ ವಿಮಾನವೊಂದು ಸುತ್ತುವ ಸದ್ದು ಕೇಳುತ್ತಲೇ ಇತ್ತು. ಅದು ಅವನದೇ ಇರಬಹುದು, ಬೇರೆಯದೂ ಇರಬಹುದು. ಅವನ ವಿಮಾನವಂತೂ ಇಳಿಯಲಾಗದೆ ಚೆನ್ನೈಗೆ ಹೋಯಿತು.

ಹೆಣ್ಣಿನ ಅಣ್ಣ ಗಂಡಿನ ಕಾಲು ತೊಳೆದು, ಕೈ ಹಿಡಿದು ಮಂಟಪಕ್ಕೆ ಕರೆತರುವುದು ಅವರ ಮನೆಯ ಪದ್ಧತಿ. ಚೊಂಬು ತಂಬಿಗೆ ಎಲ್ಲ ಸಿದ್ಧವಾಗಿತ್ತು, ಅಣ್ಣನಿರಲಿಲ್ಲ. ಪುರೋಹಿತರು ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ದೊಡ್ಡಪ್ಪನ ಮಗ ಕಾಲು ತೊಳೆದ. ಯಜಮಾನರು ದಾರಿ ನೋಡುವುದನ್ನು ಯಾವಾಗ ಬಿಟ್ಟರು ಅಂತ ನನ್ನ ಫೋಟೋಗಳಲ್ಲೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಎಲ್ಲದರಲ್ಲೂ ಅವರ ಮುಖ ಬಾಗಿಲ ಕಡೆಗಿದೆ. ಆಮೇಲೆ ಒಂದರಲ್ಲೂ ಇಲ್ಲ.

ಮಗ ಬಂದು ಮುಟ್ಟಿದಾಗ ಸಂಜೆ ನಾಲ್ಕು. ಹೆಣ್ಣು ಒಪ್ಪಿಸಿ ಕಳಿಸಿಯಾಗಿತ್ತು. ನಾನು ಚಪ್ಪರದ ಕೆಳಗೆ ವೈರ್ ಸುತ್ತುತ್ತಿದ್ದೆ. ಅಪ್ಪ ಹೇಳಿದ್ದು ಕಿವಿಗೆ ಬಿತ್ತು: “ಬಂದ ದಾರೀಲೇ ಹೋಗು. ನಾನು ಕರೆಯೋಗಂಟ ಮನೆ ಕಡೆ ಕಾಲಿಡ್ಬ್ಯಾಡ.” ಅವರು ಆಮೇಲೆ ಕರೆಯಲಿಲ್ಲ. ಅವನೂ ಹೋಗಲಿಲ್ಲ.

ಸಿಕ್ಕಿಹಾಕಿಕೊಂಡದ್ದು ನಾನು. ಆಲ್ಬಂನ ನಟ್ಟನಡುವಿನ ಎರಡು ಪುಟ ಗುಂಪಿನ ಫೋಟೋಗೆ ಮೀಸಲು. “ನಮ್ಮಣ್ಣನ್ನ ಸೇರಿಸ್ದೆ ಆಲ್ಬಂ ಮುಗಿಸ್ಬೇಡಿ” ಅಂತ ಮಗಳು. “ಬರ್ದೆ ಇದ್ದೋನು ಬಂದಿಲ್ಲ. ಇದ್ದಂಗೆ ಹಾಕಪ್ಪ” ಅಂತ ಅಪ್ಪ. ಸ್ಟುಡಿಯೋಗೆ ಹೋಗಿ ಒಂದು ಫೋಟೋ ತೆಗೆಸಿಕೋ ಎಂದು ತಂಗಿ ಕೇಳಿಕೊಂಡರೆ, “ಸುಳ್ಳು ಸುಳ್ಳೇ ನಿಂತ್ಕೊಳಲ್ಲ. ಅಪ್ಪ ಕರೀಲಿ, ನಿಜವಾಗ್ಲೂ ಬಂದು ನಿಂತ್ಕೋತೀನಿ” ಎಂದು ಮಗ. ಮೂವರದೂ ಒಂದೇ ರಕ್ತ. ಅರ್ಧವಾದ ಆಲ್ಬಂ ನನ್ನ ಬೀರುವಿನಲ್ಲಿ ಕೂತುಬಿಟ್ಟಿತು.

ಇನ್ನು ಹಡಗಿನ ವಿಷಯ. ಛತ್ರಗಳಿಗೆ ಲೈಟು ಬಾಡಿಗೆ ಕೊಡುವ ನನ್ನ ಗೆಳೆಯನೊಬ್ಬ ದೇವನಹಳ್ಳಿ ಕಡೆಯ ಮೈದಾನಗಳಲ್ಲಿ ನಡೆಯುವ ರಾಕ್ ಕಾರ್ಯಕ್ರಮಗಳಿಗೂ ಕೊಡುತ್ತಾನೆ. ಅವನ ಜೊತೆ ಹೋಗಿ ಹೋಗಿ ನನಗೆ ಆ ಫೋಟೋಗಳ ರುಚಿ ಹತ್ತಿತು. ಮದುವೆಯ ಓಲಗಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಎರಡು ಕಡೆಯೂ ಪಕ್ಕದವರ ಮಾತು ಕೇಳಿಸುವುದಿಲ್ಲ, ಎರಡು ಕಡೆಯೂ ಮುಖ್ಯವಾದವರು ತಲೆ ತಗ್ಗಿಸಿಕೊಂಡೇ ಇರುತ್ತಾರೆ. ನನ್ನ ಫೋಟೋ ನೋಡಿದ ಆಯೋಜಕಿಯೊಬ್ಬರು ಮುಂಬೈಯಿಂದ ಹೊರಡುವ ಹಡಗಿಗೆ ಕರೆದರು. ಮೂರು ದಿನ ಸಮುದ್ರದ ಮೇಲೆ, ದಿನವೂ ರಾಕ್ ಸಂಗೀತ. ಬ್ಯಾಂಡುಗಳ ಪಟ್ಟಿಯಲ್ಲಿ ಮಧುರೆಯ ಹುಡುಗನದೂ ಇತ್ತು.

ಸುದ್ದಿ ಹೇಗೋ ಹೊಸಕೋಟೆ ಮುಟ್ಟಿ, ತಂಗಿಯ ಫೋನ್ ಬಂತು. “ಅಣ್ಣಾ, ಅವನಿಗೇನೂ ಹೇಳ್ಬೇಡಿ. ಸುಮ್ನೆ ಒಂದು ನೇರವಾದ ಫೋಟೋ ಹೊಡ್ಕೊಂಡು ಬನ್ನಿ, ಮುಖ ಕಂಡ್ರೆ ಸಾಕು. ನನಗೀಗ ಏಳು ತಿಂಗಳು. ನಿನ್ನ ಸೋದರಮಾವ ಇವ್ನು ಅಂತ ಮಗೂಗೆ ತೋರಿಸೋಕೆ ನನ್ನ ಮದ್ವೇದು ಒಂದು ಫೋಟೋನೂ ಇಲ್ವಲ್ಲ.” ನಾನು ಹೂಂ ಅಂದೆ. ಮರುಕವೇನೂ ಅಲ್ಲ, ಬೀರು ಖಾಲಿಯಾದರೆ ಸಾಕಾಗಿತ್ತು.

ಹಡಗು ಅಂದರೆ ಏನೋ ಅಂದುಕೊಂಡಿದ್ದೆ. ಹತ್ತು ಮಹಡಿಯ ಛತ್ರವೊಂದು ನೀರಿನ ಮೇಲೆ ಹೊರಟ ಹಾಗಿತ್ತು. ಕಪ್ಪು ಟೀ ಶರ್ಟು ಹಾಕಿದ ನೂರಾರು ಜನ, ಕೈಗೆಲ್ಲ ಹಚ್ಚೆ, ಬೆಳಿಗ್ಗೆ ನೋಡಿದರೆ ಇಡ್ಲಿಗೆ ಸಾಲು ನಿಂತಿರುತ್ತಿದ್ದರು. ಮೊದಲ ದಿನ ನನಗೆ ತಲೆ ಸುತ್ತಿ ಎರಡು ಸಲ ವಾಂತಿಯಾಯಿತು. ನಿಂಬೆಹಣ್ಣು ಮೂಸುತ್ತಾ ಫೋಟೋ ಹೊಡೆದೆ. ಬೇಸ್ ಗಿಟಾರಿನ ಸದ್ದು ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ಅದರ ಕೆಳಗೆ ಹಡಗಿನ ಎಂಜಿನ್ನಿನದು ಬೇರೆ.

ದೇವನಹಳ್ಳಿಯ ಮೈದಾನಗಳ ಹಾಗೆ ಅಲ್ಲೂ ಫೋಟೋದವರಿಗೆ ಎರಡೇ ಕಟ್ಟಳೆ. ವೇದಿಕೆಯ ಮುಂದೆ ಮೊದಲ ಮೂರು ಹಾಡಿಗೆ ಮಾತ್ರ ಜಾಗ. ಫ್ಲಾಶ್ ಹೊಡೆಯುವಂತಿಲ್ಲ. ಮದುವೆಯಲ್ಲಿ ನನ್ನದೇ ರಾಜ್ಯ. ತಾಳಿ ಹಿಡಿದ ಗಂಡಿಗೆ “ಹಂಗೇ ಇರಿ” ಅಂದರೆ ಗಟ್ಟಿಮೇಳವೂ ನನಗಾಗಿ ಕಾಯುತ್ತದೆ. ಇಲ್ಲಿ ನಾನು ಯಾರೂ ಅಲ್ಲ. ಹಾಗಿದ್ದರೂ ಕಟ್ಟಳೆ ನನಗೆ ಹಿಡಿಸಿತ್ತು, ವರ್ಷಗಳಿಂದ ಪಾಲಿಸಿಕೊಂಡೇ ಬಂದಿದ್ದೆ.

ಎರಡನೇ ದಿನ ಸಂಜೆ ಆ ಹುಡುಗನ ಬ್ಯಾಂಡು ವೇದಿಕೆ ಹತ್ತಿತು. ಅವನು ಬಲಗಡೆಯ ಮೂಲೆಯಲ್ಲಿ, ಕೂದಲು ಮುಖದ ಮೇಲೆ ಬಿಟ್ಟುಕೊಂಡು, ನೆಲ ನೋಡುತ್ತಾ ನುಡಿಸಿದ. ಒಂದು ಹಾಡಿಗೆ ಕೆಂಪು ಬೆಳಕು, ಇನ್ನೊಂದಕ್ಕೆ ನೀಲಿ. ಕೆಂಪು ಮುಖವನ್ನು ತಂದು ಛತ್ರದ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿದರೆ ಊರೆಲ್ಲ ನಗುತ್ತದೆ. ಮೂರನೇ ಹಾಡು ಮುಗಿಯುತ್ತಾ ಬಂತು. ಅವನು ಒಮ್ಮೆ ತಲೆಯೆತ್ತಿ ಕೂದಲು ಹಿಂದಕ್ಕೆ ಎಸೆದ. ನನ್ನ ಕೈ ಮದುವೆ ಮನೆಯ ಕೈ. ಚೀಲದಲ್ಲಿದ್ದ ಫ್ಲಾಶ್ ಯಾವಾಗ ಕ್ಯಾಮೆರಾ ಮೇಲೆ ಏರಿತೋ ನನಗೇ ಗೊತ್ತಿಲ್ಲ, ಹೊಡೆದೇಬಿಟ್ಟೆ. ಹಾಡುವವನು ಬೆಚ್ಚಿ ಸಾಲು ಮರೆತ. ಕಾವಲಿನವನು ನನ್ನ ಮೊಣಕೈ ಹಿಡಿದು ಹೊರಗೆ ತಂದ. ಆಯೋಜಕಿ ಬಂದು ನನ್ನ ಕೊರಳಿನ ಪಾಸ್ ತೆಗೆದುಕೊಂಡರು. ಈ ವಯಸ್ಸಿನಲ್ಲಿ ಎಲ್ಲರೆದುರು ಹೀಗಾಯಿತಲ್ಲ ಎಂದು ನನಗೆ ತುಂಬಾ ನಾಚಿಕೆಯಾಯಿತು. ಕ್ಯಾಮೆರಾದಲ್ಲಿ ನೋಡಿದರೆ ಮುಖ ಪೂರ್ತಿ ಕಾಣುತ್ತಿತ್ತು, ಕಣ್ಣು ಮುಚ್ಚಿತ್ತು.

ಮಾರನೆಯ ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ಅವನೇ ತಟ್ಟೆ ಹಿಡಿದು ಬಂದು ಎದುರಿಗೆ ಕೂತ.

“ಏನ್ ಗುರು, ನೀವು ದೊಡ್ಡಬಳ್ಳಾಪುರದೋರಲ್ವಾ? ದೇವನಹಳ್ಳಿ ಶೋಗಳಲ್ಲಿ ನೋಡಿದೀನಿ. ನಿಮಗೆ ರೂಲ್ಸ್ ಗೊತ್ತಿಲ್ವಾ?”

“ಗೊತ್ತು ಕಣಪ್ಪ. ನಿನ್ನ ತಂಗಿ ಮದ್ವೆ ಫೋಟೋಗ್ರಾಫರೂ ನಾನೇ” ಅಂದೆ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಆಲ್ಬಂನಿಂದ ಫ್ಲಾಶಿನವರೆಗೆ ಎಲ್ಲ ಹೇಳಿದೆ.

“ಅಪ್ಪ ಏನಂತಾರೆ?”

“ಇದ್ದಂಗೆ ಹಾಕು ಅಂತಾರೆ.”

“ಮತ್ತೆ ಹಾಕ್ಬೇಕಿತ್ತು.”

“ಹಾಕಿ ತೋರಿಸ್ತೀನಿ, ಬಂದು ನೋಡಿ ಅಂತ ಎಷ್ಟು ಸಲ ಫೋನ್ ಮಾಡಿದೀನಿ. ಯಾವಾಗ ಮಾಡಿದ್ರೂ ಹಾಲಿನ ಡೈರಿ ಹತ್ರ ಇದೀನಿ ಅಂತಾರೆ. ಎರಡು ವರ್ಷದಿಂದ ಡೈರಿ ಹತ್ರಾನೇ ಇದಾರೆ ನಿಮ್ಮಪ್ಪ.”

ಅವನು ನಗಲಿಲ್ಲ. ಇಡ್ಲಿಯನ್ನು ಚೂರು ಚೂರು ಮಾಡುತ್ತಾ ಕೂತ. ನೀನಿಲ್ಲದ ಫೋಟೋವನ್ನು ಅವರಿಗೂ ನೋಡಲು ಮನಸ್ಸಿಲ್ಲ ಎಂದು ನಾನು ಬಿಡಿಸಿ ಹೇಳಲಿಲ್ಲ. ಅವನಿಗೆ ಅರ್ಥವಾಗಿತ್ತು. ತಂಗಿಗೆ ಎಷ್ಟು ತಿಂಗಳು ಎಂದು ಮಾತ್ರ ಕೇಳಿ, ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದ.

ಒಂದು ಗಂಟೆಯ ಮೇಲೆ ನನ್ನ ಕೋಣೆಯ ಬಾಗಿಲು ತಟ್ಟಿದ. ಅಡುಗೆಮನೆಯಲ್ಲಿದ್ದ ಕೇರಳದವನೊಬ್ಬನಿಂದ ಜರಿಯಂಚಿನ ಪಂಚೆ ಇಸಿದುಕೊಂಡು ಉಟ್ಟಿದ್ದ. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದ. ಮೇಲೆ ಮಾತ್ರ ಅದೇ ಕಪ್ಪು ಟೀ ಶರ್ಟು. ನನ್ನ ಬಿಳಿ ಶರ್ಟು ಕೊಟ್ಟೆ. ಇಬ್ಬರೂ ಮೇಲಿನ ಡೆಕ್ಕಿಗೆ ಹೋದೆವು.

ಮೊಬೈಲಿನಲ್ಲಿ ಗುಂಪಿನ ಫೋಟೋ ತೆಗೆದು, “ನೀನು ಇಲ್ಲಿ, ನಿಮ್ಮಪ್ಪನ ಪಕ್ಕ” ಎಂದು ತೋರಿಸಿದೆ. ಅವನು ಎರಡು ಬೆರಳಿನಿಂದ ಅಪ್ಪನ ಮುಖ ದೊಡ್ಡದು ಮಾಡಿಕೊಂಡು ನೋಡಿದ.

“ಕೋಪದಲ್ಲಿದಾರೆ.”

“ಗುಂಪಿನ ಫೋಟೋದಲ್ಲಿ ಎಲ್ರೂ ಹಂಗೇ ಕಾಣೋದು. ನೀನು ಕೈ ಕಟ್ಕೊಂಡು ನಿಂತ್ಕೊ, ಸೇರಿಸೋಕೆ ಸುಲಭ.”

ಅವನು ಕೈ ಕಟ್ಟಲಿಲ್ಲ. ಬಲಗೈಯನ್ನು ಪಕ್ಕಕ್ಕೆ ಎತ್ತಿ, ಸ್ವಲ್ಪ ಕೆಳಗಿಳಿಸಿ, ಮತ್ತೆ ಸ್ವಲ್ಪ ಏರಿಸಿ, ಗಾಳಿಯಲ್ಲಿ ಒಂದು ಕಡೆ ನಿಲ್ಲಿಸಿದ. “ನಮ್ಮಪ್ಪನ ಹೆಗಲು ಇಲ್ಲಿಗೆ ಬರುತ್ತೆ” ಅಂದ.

“ಹೆಗಲ ಮೇಲೆ ಕೈ ಅಂದ್ರೆ ಕಷ್ಟ ಮಾರಾಯ. ಅವರ ಶರ್ಟಿನ ಮೇಲೆ ನಿನ್ನ ಬೆರಳಿನ ನೆರಳು ಬೀಳ್ಬೇಕು, ಬಟ್ಟೆ ಒತ್ಬೇಕು.”

“ಕಷ್ಟ ಪಡಿ ಅಣ್ಣ.”

ಗಾಳಿಗೆ ಪಂಚೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಡಗು ಓಲಾಡುತ್ತಿತ್ತು, ಕೈ ಮಾತ್ರ ಅಲ್ಲೇ ಇತ್ತು. ಛತ್ರದ ಬೆಳಕು ಎಡದಿಂದ ಬಂದಿತ್ತು ಎಂದು ಅವನನ್ನು ತಿರುಗಿಸಿ ತಿರುಗಿಸಿ ಕಾಲು ಗಂಟೆ ಹೊಡೆದೆ. ಸುತ್ತ ಜನ ಸೇರಿದರು. ಇದು ಯಾವ ಯೋಗಾಸನ ಎಂದು ಒಬ್ಬ ಕೇಳಿದ. ಆಗ ನನಗೆ ಕರುಳು ಚುರುಕ್ ಅಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಕು ಹದವಾಗಿ ಸಿಕ್ಕಿದ ಖುಷಿಯಲ್ಲಿದ್ದೆ ನಾನು.

ಚುರುಕ್ ಅಂದದ್ದು ಊರಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ ಮೇಲೆ. ಇಬ್ಬರನ್ನೂ ಅಳತೆಗೆ ತಂದು ಪಕ್ಕಪಕ್ಕ ನಿಲ್ಲಿಸಿದರೆ, ಅವನ ಕೈ ಅಪ್ಪನ ಹೆಗಲಿಗಿಂತ ಮೂರು ಬೆರಳು ಮೇಲಿತ್ತು. ಮದುವೆಯ ಹೊತ್ತಿಗಾಗಲೇ ಅಪ್ಪ ವಯಸ್ಸಿಗೆ ತಗ್ಗಿದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಕೈಯನ್ನು ಕೆಳಗಿಳಿಸಿ, ನೆರಳು ಎಳೆದು, ಶರ್ಟಿನ ನಿರಿಗೆ ಒತ್ತಿ ಮುಗಿಸಲು ಎರಡು ದಿನ ಹಿಡಿಯಿತು. ಅಂಥ ಕೆಲಸ ನಾನು ಮೊದಲು ಮಾಡಿರಲಿಲ್ಲ.

ಯಜಮಾನರಿಗೆ ಫೋನ್ ಮಾಡಿದೆ. ಈ ಸಲ ಆಲ್ಬಂ ಅನ್ನಲಿಲ್ಲ, “ನಿಮ್ಮ ಮಗನ ಫೋಟೋ ಇದೆ” ಅಂದೆ. ಡೈರಿ ಹತ್ತಿರ ಇದ್ದೇನೆ ಎಂದು ಇಟ್ಟರು. ಮಾರನೆಯ ಬೆಳಿಗ್ಗೆ ಸ್ಟುಡಿಯೋ ತೆಗೆಯಲು ಬಂದರೆ ಶಟರಿನ ಮುಂದೆ ನಿಂತಿದ್ದರು.

ಒಳಗೆ ಕೂರಿಸಿ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

“ಚೆನ್ನಾಗ್ ಮಾಡಿದೀಯಪ್ಪ. ಗೊತ್ತೇ ಆಗಲ್ಲ.”

ನಾನು ಉಬ್ಬಿದೆ.

“ಮಗಳಿಗ್ ಬೇಕಿದ್ರೆ ಹಾಕ್ಕೊಡು. ನಂಗ್ ಬ್ಯಾಡ.”

“ಯಾಕೆ ಯಜಮಾನ್ರೇ?”

“ಅವತ್ತು ಅವ್ನು ಬಂದಿಲ್ವಲ್ಲಪ್ಪ. ಯಾರಿಗ್ ಗೊತ್ತಾಗ್ದಿದ್ರೂ ನಂಗ್ ಗೊತ್ತಲ್ಲ.”

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಪಾಸ್ ಕಿತ್ತುಕೊಂಡಾಗಲೂ ನನಗೆ ಅಷ್ಟು ಬೇಜಾರಾಗಿರಲಿಲ್ಲ. ಏಳಲು ಹೊರಟವರು ಪರದೆಯ ಮೇಲೆ ಬೆರಳಿಟ್ಟರು.

“ಈ ಕೈ ನೀನು ಅಂಟಿಸಿದ್ದಾ?”

“ಇಲ್ಲ, ಅವನೇ ಇಟ್ಟಿದ್ದು.”

“ಎಲ್ಲಿ ಇಟ್ಟಿದ್ದ?”

ಹಡಗಿನ ಮೇಲೆ ತೆಗೆದ ಮೂಲ ಫೋಟೋವನ್ನೇ ತೆರೆದೆ. ಬಿಳಿ ಕಂಬಿ, ಹಿಂದೆ ಬರೀ ನೀರು, ಹಾರುವ ಪಂಚೆ, ಪಕ್ಕದಲ್ಲಿ ಯಾರೂ ಇಲ್ಲದ ಜಾಗಕ್ಕೆ ಚಾಚಿದ ಕೈ.

ಅವರು ಮತ್ತೆ ಕೂತು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಎಷ್ಟ್ ಹೊತ್ತು ಹಿಡ್ಕಂಡಿದ್ದ ಹಿಂಗೆ?”

“ಕಾಲು ಗಂಟೆ.”

“ಕೈ ನೋಯಕಿಲ್ವಾ ಅವನಿಗೆ” ಅಂದರು. ನನ್ನನ್ನು ಕೇಳಿದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಇಲ್ಲಿಗೆ ನನ್ನ ಸೇರಿಸೋಕಾಗ್ತದೇನಪ್ಪಾ?”

ಆಗುತ್ತೆ ಅಂದೆ. ಗೋಡೆಗೆ ಬಟ್ಟೆ ಇಳಿಬಿಟ್ಟು ಲೈಟು ಹಾಕಿದೆ. ಅವರು ಹೆಗಲ ಮೇಲಿದ್ದ ಟವೆಲ್ ತೆಗೆದು ಕುರ್ಚಿಯ ಮೇಲಿಟ್ಟು, ಶರ್ಟು ಎಳೆದು ಸರಿ ಮಾಡಿಕೊಂಡು ಹೋಗಿ ನಿಂತರು.

“ಸಮುದ್ರ ಯಾವ್ ಕಡೆ?”

“ಹಿಂದೆ.”

“ಅವನು?”

“ನಿಮ್ಮ ಎಡಕ್ಕೆ.”

ಅವರು ಎಡಕ್ಕೆ ಅರ್ಧ ಹೆಜ್ಜೆ ಸರಿದು ನಿಂತರು.